ಭಾಮತಿಗೆ ಓದಲು ಬರುತ್ತಿತ್ತೆ?

ವಾಚಸ್ಪತಿ ಮಿಶ್ರರ ಕಥೆಯನ್ನು ನನ್ನ ಮೂವತ್ತನಾಲ್ಕು ವರ್ಷಗಳ ಅಧ್ಯಾಪನದಲ್ಲಿ ಎಷ್ಟು ತರಗತಿಗಳಿಗೆ ಹೇಳಿದೆನೋ ಲೆಕ್ಕವಿಟ್ಟಿಲ್ಲ. ಕಥೆ ವಾಚಕರು ಬಲ್ಲದ್ದೇ. ಮಿಥಿಲೆಯ ಆ ಪಂಡಿತರು ಶಂಕರಾಚಾರ್ಯರ ಬ್ರಹ್ಮಸೂತ್ರಭಾಷ್ಯಕ್ಕೆ ವ್ಯಾಖ್ಯಾನವನ್ನು ಬರೆಯಲು ಕುಳಿತರಂತೆ. ಹಗಲು ಹೋಯಿತು, ಇರುಳು ಬಂದಿತು, ವರುಷಗಳು ಉರುಳಿದುವು. ಹೊತ್ತಿಗೆ ಸರಿಯಾಗಿ ಊಟವನ್ನು ತಂದಿಡುವ, ದೀಪ ಮಂಕಾದಾಗ ಎಣ್ಣೆ ಎರೆಯುವ ಒಂದು ಕೈ ಇದೆಯೆಂಬುದು ಮಾತ್ರ ಅವರ ಅರಿವಿನ ಅಂಚಿನಲ್ಲಿ ಎಲ್ಲಿಯೋ ಇದ್ದಿತು. ಗ್ರಂಥ ಮುಗಿದ ರಾತ್ರಿ ತಲೆಯೆತ್ತಿ ನೋಡಿ, ನೀನು ಯಾರೆಂದು ಕೇಳಿದರಂತೆ. ಅವಳು, ನಾನು ನಿಮ್ಮ ಹೆಂಡತಿ ಎಂದಳಂತೆ. ಅಷ್ಟು ಹೊತ್ತಿಗೆ ಇಬ್ಬರ ತಲೆಯೂ ನರೆತಿದ್ದಿತು. ಮನಸ್ಸು ನೊಂದ ಪಂಡಿತರು ಗ್ರಂಥಕ್ಕೆ ಅವಳ ಹೆಸರನ್ನೇ ಇಟ್ಟರು: ‘ಭಾಮತಿ’. ಅದ್ವೈತದಲ್ಲಿ ಒಂದು ಪ್ರಸ್ಥಾನವೇ ಇಂದಿಗೂ ಆ ಹೆಸರಿನಿಂದ ನಡೆಯುತ್ತಿದೆ.

ಇದು ಐತಿಹ್ಯ, ಚರಿತ್ರೆಯೆಂದು ನಾನು ಎಂದೂ ಹೇಳಿದವನಲ್ಲ. ಆದರೆ ಹೇಳುವಾಗ ನನ್ನ ಗಂಟಲು ತುಂಬಿ ಬರುತ್ತಿತ್ತೆಂಬುದನ್ನು ಮರೆಮಾಚಲಾರೆ. ವಿದ್ವತ್ತೆಂದರೆ ಹೀಗಿರಬೇಕು ಎಂದು ಮುಗಿಸುತ್ತಿದ್ದೆ. ಹಿಂದಿನ ಬೆಂಚುಗಳೂ ಆಗ ಸದ್ದಿಲ್ಲದೆ ಕೇಳುತ್ತಿದ್ದುವು.

1983ನೆಯ ಇಸವಿಯ ಮೊದಲಿನಲ್ಲಿ ಒಂದು ಸಂಜೆ, ಮನೆಗೆ ಬಂದಿದ್ದ ನಾಲ್ಕಾರು ವಿದ್ಯಾರ್ಥಿಗಳಿಗೆ ಇದೇ ಕಥೆಯನ್ನು ಹೇಳಿದೆ. ಹುಡುಗರು ಹೊರಟುಹೋದ ಮೇಲೆ ಕಾಫಿಯ ಲೋಟಗಳನ್ನು ತೆಗೆದುಕೊಳ್ಳಲು ಬಂದ ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಅಲ್ಲಾ, ಆ ಭಾಮತಿಗೆ ಓದೋಕೆ ಬರ್ತಿತ್ತೇ?" ಎಂದು ಕೇಳಿದಳು.

"ಅದು ಕಥೆಯಲ್ಲಿ ಬಂದಿಲ್ಲ" ಎಂದೆ.

"ಹಾಗಾದರೆ ತನ್ನ ಹೆಸರು ಇಟ್ಟಿದ್ದಾರೆ ಅಂತ ಅವಳಿಗೆ ಯಾರು ಓದಿ ಹೇಳಿದರು?"

ನಾನು ಉತ್ತರ ಕೊಡದೆ ಮುಂಭಾಗದ ಕೋಣೆಗೆ ಹೋಗಿ ಬಾಗಿಲನ್ನು ಹಾಕಿಕೊಂಡೆ. ಆ ಕೋಣೆಯ ವಿಷಯವನ್ನು ಈಗ ಹೇಳಬೇಕು.

ಆಗ ನಮಗೆ ಮದುವೆಯಾಗಿ ಒಂಬತ್ತು ವರ್ಷವಾಗಿದ್ದಿತು. ಮಗಳಿಗೆ ಆರು ವರ್ಷ. ನಾನು ಒಂದು ಜಿಲ್ಲಾಕೇಂದ್ರದ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕ. ನಡುಗನ್ನಡದ ಒಂದು ಸಾಂಗತ್ಯ ಕಾವ್ಯವನ್ನು ಸಂಪಾದಿಸುವ ಕೆಲಸ ಹಿಂದಿನ ವರ್ಷದಲ್ಲಿ ನನ್ನ ಪಾಲಿಗೆ ಬಂದಿತು. ಓಲೆಯ ಪ್ರತಿ ಎರಡು, ಕಾಗದದ ಪ್ರತಿ ಒಂದು. ಕೆಲಸದ ನೆವದಲ್ಲಿ ಮುಂಭಾಗದ ಕೋಣೆಗೆ ಒಂದು ಚಾಪೆಯೂ ದಿಂಬೂ ಬಂದುವು. ಮೊದಲು ವಾರಕ್ಕೆ ಎರಡು ರಾತ್ರಿ ಅಲ್ಲಿಯೇ ಮಲಗುತ್ತಿದ್ದೆ, ಆಮೇಲೆ ದಿನವೂ. ಜಗಳವೇನೂ ಆಗಿರಲಿಲ್ಲ. ಜಗಳವಾಗಿದ್ದರೆ ಒಂದು ದಿನ ಅದು ಮುಗಿಯುತ್ತಿದ್ದಿತು. ಮಾತು ಉಪ್ಪು, ಹಾಲು, ಮಗಳ ಶಾಲೆಯ ಶುಲ್ಕ ಇವುಗಳಷ್ಟಕ್ಕೆ ಇಳಿದು ನಿಂತಿತು. ಒಂದೇ ಸೂರಿನ ಕೆಳಗೆ ಇಬ್ಬರು ಸಭ್ಯ ಬಾಡಿಗೆದಾರರಂತೆ ನಾವು ಹದಿನೈದು ತಿಂಗಳು ಬಾಳಿದೆವು. ನಾನು ಅದನ್ನು ತಪಸ್ಸೆಂದು ತಿಳಿದಿದ್ದೆ.

ಗಂಡಹೆಂಡಿರ ಏಕಾಂತದ ವಿಷಯವನ್ನು ಪತ್ರಿಕೆಯಲ್ಲಿ ಬರೆಯಬಹುದೆ ಎಂದು ಕೆಲವರು ಹುಬ್ಬೇರಿಸಬಹುದು. ನಮ್ಮ ಹಿರಿಯರು ಈ ವಿಷಯದಲ್ಲಿ ನಮ್ಮಷ್ಟು ಅಂಜುಬುರುಕರಾಗಿರಲಿಲ್ಲ. ಕಾಮವನ್ನು ನಾಲ್ಕು ಪುರುಷಾರ್ಥಗಳಲ್ಲಿ ಒಂದೆಂದು ಎಣಿಸಿ, ಧರ್ಮಾರ್ಥಗಳ ಪಕ್ಕದಲ್ಲಿಯೇ ಕೂಡಿಸಿದರು. ಅಂಜಿಕೆ ಬಂದದ್ದು ನಮ್ಮಂಥ ಮೇಷ್ಟರುಗಳಿಗೆ. ಕಾವ್ಯದಲ್ಲಿ ಶೃಂಗಾರದ ಪದ್ಯ ಬಂದೊಡನೆ, "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಮುಂದಿನ ಪುಟಕ್ಕೆ ಹಾರುವ ವಿದ್ಯೆಯಲ್ಲಿ ನಾವು ನಿಪುಣರು. ಹುಡುಗರು ಬೇರೇನನ್ನು ಓದದಿದ್ದರೂ ಅದನ್ನು ಮನೆಯಲ್ಲಿ ಓದಿಕೊಳ್ಳುತ್ತಾರೆ.

1983ರ ಏಪ್ರಿಲ್‌ನಲ್ಲಿ ಪ್ರಥಮ ಪಿ.ಯು.ಸಿ.ಯ ಉತ್ತರಪತ್ರಿಕೆಗಳನ್ನು ಮನೆಗೆ ತಂದು ಆ ಕೋಣೆಯಲ್ಲಿಯೇ ಕುಳಿತು ತಿದ್ದಿದೆ. ಅದೇ ವರ್ಷ ನವೆಂಬರಿನಲ್ಲಿ ಹಳೆಯ ಕಟ್ಟುಗಳನ್ನು ಒಪ್ಪಿಸುವ ಮುನ್ನ ಸುಮ್ಮನೆ ಒಂದೊಂದನ್ನು ತಿರುವಿ ನೋಡುತ್ತಿದ್ದಾಗ, ಒಂದು ಪತ್ರಿಕೆಯ ಮುಖಪುಟದಲ್ಲಿ 31 ಎಂಬ ನನ್ನ ಅಕ್ಷರ ಕಂಡಿತು. ಒಳಗಿನ ಅಂಕಗಳನ್ನು ಕೂಡಿದರೆ 41. ಎರಡು ಸಲ ಕೂಡಿದೆ, ಮೂರು ಸಲ ಕೂಡಿದೆ. ತೇರ್ಗಡೆಗೆ ಬೇಕಾದದ್ದು 35. ಆ ಹುಡುಗ ಬೇರೆಲ್ಲ ವಿಷಯಗಳಲ್ಲಿ ತೇರ್ಗಡೆಯಾಗಿ, ಕನ್ನಡದಲ್ಲಿ, ತಾಯ್ನುಡಿಯಲ್ಲಿ, ನನ್ನ ವಿಷಯದಲ್ಲಿ ಬಿದ್ದಿದ್ದ. ಜೂನ್ ತಿಂಗಳಲ್ಲಿ ಅವನ ತಂದೆ ಬಂದು ಹುಡುಗನನ್ನು ಕಾಲೇಜಿನಿಂದ ಬಿಡಿಸಿಕೊಂಡು ಹೋದದ್ದು ನೆನಪಿಗೆ ಬಂದಿತು. ನಾನು ಆ ದಿನ ಅವರಿಗೆ ಒಂದು ಉಪದೇಶವನ್ನೂ ಮಾಡಿದ್ದೆ: ಹುಡುಗನಿಗೆ ಏಕಾಗ್ರತೆ ಸಾಲದೆಂದು.

ಆ ಒಂದು ಪತ್ರಿಕೆಯಲ್ಲಿ ಮಾತ್ರವಲ್ಲ, ಮಿಕ್ಕ ಕಟ್ಟಿನಲ್ಲಿಯೂ ಸಣ್ಣಪುಟ್ಟ ತಪ್ಪುಗಳು ಸಿಕ್ಕಿದುವು. ಒಂದು ಕಡೆ ಇಡೀ ಉತ್ತರವನ್ನು ನೋಡದೆಯೇ ಪುಟ ಮಗುಚಿದ್ದೆ. ಇವು ಯಾರ ಭವಿಷ್ಯವನ್ನೂ ಕೆಡಿಸಿರಲಿಲ್ಲ. ಆದರೆ ಹನ್ನೊಂದು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿದ್ದಿದೆನೆಂದು ಜಂಬಪಡುತ್ತಿದ್ದ ಮನುಷ್ಯ ಆ ಏಪ್ರಿಲ್‌ನಲ್ಲಿ ಇನ್ನೆಲ್ಲಿಯೋ ಇದ್ದನೆಂಬುದಕ್ಕೆ ಸಾಕ್ಷಿಗಳಾಗಿದ್ದುವು. ಆ ವರ್ಷದ ನನ್ನ ಪಾಠಗಳು ಹೇಗಿದ್ದುವೋ! ವಿದ್ಯಾರ್ಥಿಗಳು ಸಾಮಾನ್ಯವಾಗಿ ಇಂಥದ್ದನ್ನು ಗುರುಗಳಿಗೆ ಹೇಳುವುದಿಲ್ಲ. ಸಿಡುಕು ಹೆಚ್ಚಿತ್ತೆಂದು ಮಾತ್ರ ಬಲ್ಲೆ. ಸೀಮೆಸುಣ್ಣ ಮುರಿದದ್ದಕ್ಕೆ ಒಬ್ಬನನ್ನು ಹೊರಗೆ ಕಳುಹಿಸಿದ್ದು ನೆನಪಿದೆ.

ಆ ರಾತ್ರಿ ಪತ್ರಿಕೆಯನ್ನು ಹಿಡಿದು ಅಡುಗೆಮನೆಗೆ ಹೋದೆ. ಅವಳು ಮುಸುರೆ ತಿಕ್ಕುತ್ತಿದ್ದಳು. ಹೇಳಿದೆ. ಅವಳು ಕೈ ಒರೆಸಿಕೊಂಡು, ದೀಪದ ಕೆಳಗೆ ತಾನೂ ಒಂದು ಸಲ ಕೂಡಿ ನೋಡಿ, "ನಲವತ್ತೊಂದೇ" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆ ಭಾನುವಾರ. ಹೋಗಿ ಬರೋಣ" ಎಂದಳು. ಹೋಗಿ ಬನ್ನಿ ಎನ್ನಲಿಲ್ಲ.

ನಮ್ಮ ಕನ್ನಡದ ಕಥೆಯೊಂದಿದೆ. ಅದನ್ನೂ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ, ಆದರೆ ಅದರ ಅರ್ಥ ಬೇರೆಯೆಂದು ತಿಳಿದಿದ್ದೆ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಮ್ಮೆ ಮಾರಯ್ಯ ತತ್ತ್ವದ ಮಾತಿನಲ್ಲಿ ಮೈಮರೆತು ಕುಳಿತುಬಿಡುತ್ತಾನೆ. ಲಕ್ಕಮ್ಮ ಬಂದು, ಕಾಯಕ ನಿಂತಿದೆ, ಏಳು ಎಂದು ಎಚ್ಚರಿಸುತ್ತಾಳೆ. ಅವಸರದಿಂದ ಹೋದವನು ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ತರುತ್ತಾನೆ. ಅವಳು ಮೊರದಲ್ಲಿ ಕಂಡೊಡನೆ ಕೇಳುತ್ತಾಳೆ: ಇಷ್ಟೇಕೆ? ಇದು ನಿನ್ನ ಮನಸ್ಸಿನ ಆಸೆಯೋ, ಬಸವಣ್ಣನ ಕೊಡುಗೆಯೋ? ಆಸೆ ಅರಸರಿಗೆ ಇರಲಿ, ನಮಗೇಕೆ? ಹಿಂದಕ್ಕೆ ಸುರಿದು ಬಾ. ಶೂನ್ಯಸಂಪಾದನೆಯಲ್ಲಿ ಈ ಪ್ರಸಂಗ ವಿಸ್ತಾರವಾಗಿ ಬಂದಿದೆ.

ಇದನ್ನು ನಾವು ಅಪರಿಗ್ರಹದ ಪಾಠವೆಂದು ಹೇಳುತ್ತೇವೆ. ಅದು ಸರಿಯೂ ಹೌದು. ಆದರೆ ಇದು ದಾಂಪತ್ಯದ ಕಥೆಯೂ ಹೌದೆಂಬುದನ್ನು ನಾನು ಬಹಳ ಕಾಲ ಗಮನಿಸಿರಲಿಲ್ಲ. ಗಂಡನು ತಂದ ಅಕ್ಕಿ ದಿನವೂ ಎಷ್ಟಿರುತ್ತದೆಂದು ಆ ಹೆಂಗಸಿಗೆ ಗೊತ್ತು. ಹಿಡಿ ಹೆಚ್ಚಾದರೆ ಕಣ್ಣಿಗೆ ಬೀಳುತ್ತದೆ. ಬಿದ್ದದ್ದನ್ನು ಅವಳು ಹೇಳಬಲ್ಲಳು, ಅವನು ಕೇಳಬಲ್ಲ. ಲಕ್ಕಮ್ಮನ ವಚನಗಳ ಅಂಕಿತವೇ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ದೇವರ ಹೆಸರಿನ ಜೊತೆಗೆ ಗಂಡನ ಹೆಸರು. ಕಠಿನವಾಗಿ ನುಡಿದವಳೇ ಅವನ ಹೆಸರನ್ನು ಪ್ರತಿ ವಚನದ ಕೊನೆಯಲ್ಲಿಯೂ ಇಟ್ಟುಕೊಂಡಳು. ಭಾಮತಿಯ ಮನೆಯಲ್ಲಿ ಎಣ್ಣೆ ಇದ್ದಿತು, ಈ ಮಾತು ಇರಲಿಲ್ಲ. ನನ್ನ ಮನೆಯಲ್ಲಿಯೂ ಆ ಹದಿನೈದು ತಿಂಗಳು ಇರಲಿಲ್ಲ. ಇದ್ದಿದ್ದರೆ, ಏಪ್ರಿಲ್‌ನ ಆ ರಾತ್ರಿಗಳಲ್ಲಿ ನನ್ನ ಮುಖವನ್ನು ನೋಡಿ, "ಇವತ್ತು ಸಾಕು, ಮಲಗಿ, ಬೆಳಗ್ಗೆ ತಿದ್ದಿದರಾಯಿತು" ಎಂದು ಹೇಳುವವರು ಒಬ್ಬರು ಇರುತ್ತಿದ್ದರು.

ಪಾಶ್ಚಾತ್ಯರಲ್ಲಿ ಈ ಬಗೆಯ ಲೆಕ್ಕಾಚಾರವನ್ನು ಕಾಗದದ ಮೇಲೆಯೇ ಮಾಡಿದವನು ಚಾರ್ಲ್ಸ್ ಡಾರ್ವಿನ್. 1838ರಲ್ಲಿ, ಇಪ್ಪತ್ತೊಂಬತ್ತರ ಹರೆಯದಲ್ಲಿ, ಒಂದು ಹಾಳೆಯನ್ನು ಎರಡು ಭಾಗ ಮಾಡಿ, ಮದುವೆಯಾದರೆ ಏನು, ಆಗದಿದ್ದರೆ ಏನು ಎಂದು ಬರೆದುಕೊಂಡ. ಆಗುವುದರಿಂದ ಬರುವ ನಷ್ಟಗಳಲ್ಲಿ ದೊಡ್ಡದು ಕಾಲಹರಣ. ಪುಸ್ತಕ ಕೊಳ್ಳಲು ಹಣ ಸಾಲದು, ಸಂಜೆ ಓದಲಾಗದು. ಲಾಭದ ಕಡೆಯಲ್ಲಿ, ಮುಪ್ಪಿನಲ್ಲಿ ಜೊತೆಗಾತಿ. ಹೇಗಾದರೂ ನಾಯಿಗಿಂತ ಮೇಲು ಎಂಬ ಒಂದು ಷರಾ ಬೇರೆ. ಎಮ್ಮಾ ವೆಜ್‌ವುಡ್ ಈ ಹಾಳೆಯನ್ನು ಆಗ ನೋಡಿದ್ದರೆ ಏನಾಗುತ್ತಿತ್ತೋ! ಆಗಬೇಕೆಂದು ತೀರ್ಮಾನವಾಗಿ 1839ರ ಜನವರಿಯಲ್ಲಿ ಮದುವೆಯಾಯಿತು.

ಕಾಲಹರಣವಾಯಿತೆ? ಆಯಿತು. ಬೆಳಗಿನ ಕೆಲಸ ಮುಗಿಸಿ ಬಂದರೆ ಎಮ್ಮಾ ಅವನಿಗೆ ಕಾಗದಗಳನ್ನೋ ಕಾದಂಬರಿಯನ್ನೋ ಓದಿ ಹೇಳುತ್ತಿದ್ದಳು. ರಾತ್ರಿ ಇಬ್ಬರೂ ಪಗಡೆಯನ್ನು ಹೋಲುವ ಬ್ಯಾಕ್‌ಗ್ಯಾಮನ್ ಎಂಬ ಆಟವನ್ನು ಆಡುತ್ತಿದ್ದರು. 1876ರಲ್ಲಿ ಗೆಳೆಯ ಏಸಾ ಗ್ರೇಗೆ ಬರೆದ ಕಾಗದದಲ್ಲಿ ಡಾರ್ವಿನ್ ಆಟದ ಲೆಕ್ಕವನ್ನು ಒಪ್ಪಿಸಿದ್ದಾನೆ: ಹೆಂಡತಿ ಗೆದ್ದದ್ದು 2,490, ತಾನು ಗೆದ್ದದ್ದು 2,795. ಐದು ಸಾವಿರಕ್ಕಿಂತ ಹೆಚ್ಚು ಆಟಗಳಿಗೆ ಹೊತ್ತನ್ನು ಕಳೆದ ಆ ರೋಗಿಷ್ಠ ಮನುಷ್ಯನೇ ಲೋಕದ ಬುದ್ಧಿಯನ್ನು ತಿರುಗಿಸಿದ ಗ್ರಂಥವನ್ನು 1859ರಲ್ಲಿ ಪ್ರಕಟಿಸಿದ. ಅವರ ನಡುವೆ ಭಿನ್ನಾಭಿಪ್ರಾಯ ಇರಲಿಲ್ಲವೆಂದಲ್ಲ, ಸಣ್ಣದೂ ಅಲ್ಲ. ಎಮ್ಮಾ ದೈವಭಕ್ತೆ. ಗಂಡನ ವಿಚಾರಗಳು ತಮ್ಮಿಬ್ಬರನ್ನು ಪರಲೋಕದಲ್ಲಿ ಅಗಲಿಸಿಬಿಟ್ಟಾವೆಂಬ ಭಯವನ್ನು ಅವಳು ಕಾಗದದಲ್ಲಿ ಬರೆದು ಅವನಿಗೆ ಕೊಟ್ಟಳು. ಅವನು ಅದನ್ನು ಜೀವಮಾನವಿಡೀ ಇಟ್ಟುಕೊಂಡಿದ್ದು, ಅದರ ಅಂಚಿನಲ್ಲಿ ತಾನು ಎಷ್ಟೋ ಸಲ ಅದನ್ನು ಮುತ್ತಿಟ್ಟು ಅತ್ತಿದ್ದೇನೆಂಬ ಅರ್ಥದ ಮಾತನ್ನು ಗೀಚಿದ. 1844ರಲ್ಲಿ ತನ್ನ ಸಿದ್ಧಾಂತದ ಪ್ರಬಂಧವನ್ನು ಬರೆದಿಟ್ಟಾಗ, ತಾನು ಸತ್ತರೆ 400 ಪೌಂಡು ವೆಚ್ಚಮಾಡಿ ಇದನ್ನು ಪ್ರಕಟಿಸಬೇಕೆಂದು ಪತ್ರ ಬರೆದದ್ದು ಯಾವ ವಿಜ್ಞಾನಿಗೂ ಅಲ್ಲ. ಆ ಸಿದ್ಧಾಂತಕ್ಕೆ ಹೆದರುತ್ತಿದ್ದ ಎಮ್ಮಾಗೆ.

ಹಾಗಾದರೆ ಮನೆಯಲ್ಲಿ ಸುಖವಾಗಿರುವವನೇ ಒಳ್ಳೆಯ ಕೆಲಸ ಮಾಡುತ್ತಾನೆಂದು ಸೂತ್ರ ಮಾಡಿಬಿಡೋಣವೆ? ಟಾಲ್‌ಸ್ಟಾಯ್ ಬಿಡುವುದಿಲ್ಲ. 1862ರಲ್ಲಿ ಮೂವತ್ತನಾಲ್ಕರ ಆತ ಹದಿನೆಂಟರ ಸೋಫಿಯಾಳನ್ನು ಮದುವೆಯಾದ. ಮದುವೆಗೆ ಮುನ್ನ ತನ್ನ ದಿನಚರಿಗಳನ್ನು ಅವಳ ಕೈಗಿತ್ತು, ತನ್ನ ಹಿಂದಿನ ಬಾಳೆಲ್ಲವನ್ನೂ ಓದಿಸಿದ. ಪ್ರಾಮಾಣಿಕತೆಯಲ್ಲಿಯೂ ಒಂದು ಕ್ರೌರ್ಯವಿರುತ್ತದೆ. ಆದರೂ ಮೊದಲ ವರ್ಷಗಳು ತುಂಬಿದ ವರ್ಷಗಳು. ‘ಯುದ್ಧ ಮತ್ತು ಶಾಂತಿ’ ಬೆಳೆದದ್ದು ಆಗ. ಅವನ ಕಾಗೆಕಾಲಿನ ಬರೆಹವನ್ನು ಮಕ್ಕಳು ಮಲಗಿದ ಮೇಲೆ ಕುಳಿತು ಮತ್ತೆ ಮತ್ತೆ ಶುದ್ಧಪ್ರತಿ ಮಾಡಿದವಳು ಅವಳು. ಹೆತ್ತ ಮಕ್ಕಳು ಹದಿಮೂರು. ಮುಂದೆ ಆಸ್ತಿ, ಗ್ರಂಥಸ್ವಾಮ್ಯ, ಶಿಷ್ಯರು, ವೈರಾಗ್ಯ ಎಲ್ಲವೂ ನಡುವೆ ಬಂದುವು. ದಾಂಪತ್ಯವನ್ನೇ ಕಟಕಟೆಯಲ್ಲಿ ನಿಲ್ಲಿಸುವ ‘ಕ್ರೂಟ್ಸರ್ ಸೊನಾಟಾ’ವನ್ನು ಅವನು ಬರೆದ, ನಿಷೇಧಕ್ಕೆ ಸಿಕ್ಕಿದ ಆ ಕೃತಿಯನ್ನು ಅಚ್ಚುಮಾಡಲು ಅನುಮತಿ ಬೇಡಿ 1891ರಲ್ಲಿ ಚಕ್ರವರ್ತಿಯ ಮುಂದೆ ನಿಂತವಳು ಯಾರು? ಸೋಫಿಯಾಳೇ. 1910ರಲ್ಲಿ ಎಂಬತ್ತೆರಡರ ಮುದುಕ ನಡುರಾತ್ರಿ ಮನೆ ಬಿಟ್ಟು ಹೊರಟು ಅಸ್ತಾಪೋವೊ ಎಂಬ ರೈಲು ನಿಲ್ದಾಣದಲ್ಲಿ ಕಣ್ಮುಚ್ಚಿದ. ಈ ಕಹಿಯ ವರ್ಷಗಳಲ್ಲಿಯೇ ‘ಇವಾನ್ ಇಲಿಚ್’ನಂಥ ಕೃತಿಯೂ ಹುಟ್ಟಿತು. ಆದುದರಿಂದ ಸುಖವಿಲ್ಲದೆ ಕೆಲಸವಾಗದೆಂದು ಹೇಳುವಂತಿಲ್ಲ. ಆದರೆ ನಾವು ಟಾಲ್‌ಸ್ಟಾಯ್‌ಗಳಲ್ಲ. ನಮ್ಮ ಕಹಿಯಿಂದ ಮಹಾಕೃತಿ ಹುಟ್ಟುವುದಿಲ್ಲ. ಕೂಡುವ ಲೆಕ್ಕ ತಪ್ಪುತ್ತದೆ.

ಬೇಂದ್ರೆಯವರು 1937ರಲ್ಲಿ ‘ಸಖೀಗೀತ’ವನ್ನು ಪ್ರಕಟಿಸಿದರು. ಅದಕ್ಕೆ ಹಿಂದೆ ಸೆರೆಮನೆ ಇದೆ, ಕೆಲಸವಿಲ್ಲದ ವರ್ಷಗಳಿವೆ, ಕಳೆದುಕೊಂಡ ಮಕ್ಕಳಿದ್ದಾರೆ. ಅಂಥ ಬಾಳನ್ನು ಹೆಂಡತಿಯ ಮುಂದೆಯೇ ಬಿಚ್ಚಿ ಹೇಳಿಕೊಂಡ ಕಾವ್ಯ ಅದು. ನಾನು ಆ ಕೃತಿಯನ್ನು ಎರಡು ವರ್ಷ ಪಾಠ ಹೇಳಿದ್ದೇನೆ. ಈಗ ಪಾಠ ಹೇಳುವುದಾದರೆ ಬೇರೆ ರೀತಿ ಹೇಳುತ್ತೇನೆ.

ಇತ್ತೀಚೆಗೆ ಮಗಳು ಒಂದು ಲೇಖನವನ್ನು ನನಗೆ ಓದಲು ಕೊಟ್ಟಳು. 2017ರಲ್ಲಿ ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾನಿಲಯದ ಕೀತ್ ಲೆವಿಟ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದ ಸಂಗತಿ. ಮದುವೆಯಾಗಿ ಉದ್ಯೋಗದಲ್ಲಿರುವ 159 ಮಂದಿಯನ್ನು ಎರಡು ವಾರ ಕಾಲ ದಿನಕ್ಕೆ ಎರಡು ಸಲ ಚುಟುಕಾಗಿ ಪ್ರಶ್ನಿಸಿದರು. ಸಂಗಾತಿಯೊಡನೆ ಕೂಡಿದ ಇರುಳಿನ ಮರುದಿನ ಅವರ ಮನಸ್ಸು ಹೆಚ್ಚು ಪ್ರಸನ್ನವಾಗಿದ್ದು, ಕೆಲಸದಲ್ಲಿ ತೃಪ್ತಿಯೂ ತನ್ಮಯತೆಯೂ ಹೆಚ್ಚಿದ್ದುವಂತೆ. ಹೆಣ್ಣುಗಂಡೆಂಬ ಭೇದ ಕಾಣಲಿಲ್ಲವಂತೆ. ಇದನ್ನು ಓದಿ ನನಗೆ ನಗು ಬಂದಿತು. ನಮ್ಮ ಅಜ್ಜಿಯರಿಗೆ ಇದು ಮಗ್ಗಿಯಷ್ಟು ಸುಲಭವಾಗಿ ಗೊತ್ತಿದ್ದ ವಿಷಯ. ಬೆಳಗ್ಗೆ ಮಗನ ಮುಖವನ್ನು ನೋಡಿಯೇ ಸೊಸೆಯ ಕಡೆ ಕಣ್ಣು ತಿರುಗಿಸುತ್ತಿದ್ದರಲ್ಲವೆ? ಆದರೆ ಅದೇ ಅಧ್ಯಯನದ ಇನ್ನೊಂದು ಮಾತಿಗೆ ನಗು ನಿಂತಿತು: ಕಚೇರಿಯ ಹೊರೆಯನ್ನು ಮನೆಗೆ ಹೊತ್ತು ತಂದವರ ಏಕಾಂತ ಕೆಡುತ್ತದೆಂದು. ಒಂದು ಕಡೆಯಿಂದ ಕೆಲಸ ಮನೆಯನ್ನು ತಿನ್ನುತ್ತದೆ. ಹಾಗೆ ಬಡವಾದ ಮನೆ ಮರುದಿನದ ಕೆಲಸವನ್ನು ತಿನ್ನುತ್ತದೆ. ನನ್ನ ಮುಂಭಾಗದ ಕೋಣೆಯನ್ನು ಇವರು ಯಾವ ಕಿಟಕಿಯಿಂದ ನೋಡಿದರೋ ಎನಿಸಿತು.

ಭಾನುವಾರ ಬೆಳಗ್ಗೆ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಸ್ಸು ಹತ್ತಿದೆವು. ಎರಡು ಗಂಟೆಯ ಪಯಣ. ಮೊದಲ ಅರ್ಧ ಗಂಟೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವಳು ಕಿಟಕಿಯ ಕಡೆ ನೋಡುತ್ತಲೇ, "ಆ ಕೋಣೇಲಿ ನಿಮಗೆ ಸೊಳ್ಳೆ ಕಚ್ಚೋದಿಲ್ವೇ?" ಎಂದಳು. "ಕಚ್ಚುತ್ತವೆ" ಎಂದೆ. ಹದಿನೈದು ತಿಂಗಳಲ್ಲಿ ಅವಳು ನನ್ನ ವಿಷಯದಲ್ಲಿ ಕೇಳಿದ, ನಾನು ನಿಜವಾಗಿ ಉತ್ತರಿಸಿದ ಮೊದಲ ಪ್ರಶ್ನೆ ಅದು.

ಹುಡುಗ ಒಂದು ಅಕ್ಕಿಯ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದ. ತಂದೆ ನಮ್ಮನ್ನು ಜಗಲಿಯ ಮೇಲೆ ಕೂಡಿಸಿ ಬೆಲ್ಲದ ಕಾಫಿ ಕೊಡಿಸಿದರು. ನಾನು ಪತ್ರಿಕೆಯನ್ನು ತೋರಿಸಿ, ತಪ್ಪು ನನ್ನದೆಂದೂ, ಪ್ರಾಂಶುಪಾಲರಿಗೆ ಹೇಳಿ ಫಲಿತಾಂಶವನ್ನು ತಿದ್ದಿಸುವೆನೆಂದೂ, ಬರುವ ಜೂನಿನಲ್ಲಿ ಎರಡನೆಯ ವರ್ಷಕ್ಕೆ ಸೇರಬಹುದೆಂದೂ ಹೇಳಿದೆ. ತಂದೆ ಬಹಳ ಹೊತ್ತು ಆ ಅಂಕಿಯನ್ನೇ ನೋಡಿದರು. "ಅವತ್ತು ದಾರಿಯುದ್ದಕ್ಕೂ ಇವನನ್ನ ಬೈಕೊಂಡು ಬಂದೆ ಸ್ವಾಮಿ" ಎಂದಷ್ಟೇ ಹೇಳಿದರು. ಹುಡುಗ, "ಪರವಾಗಿಲ್ಲ ಸಾರ್" ಎಂದ. ಆ ‘ಪರವಾಗಿಲ್ಲ’ವನ್ನು ನಾನು ಇನ್ನೂ ಮರೆತಿಲ್ಲ. ಫಲಿತಾಂಶವನ್ನು ತಿದ್ದಿಸಿದೆ. ಹುಡುಗ ಕಾಲೇಜಿಗೆ ಮರಳಲಿಲ್ಲ. ಜೂನಿನಲ್ಲಿ ಎರಡು ಕಾಗದ ಬರೆದೆ. ಒಂದಕ್ಕೆ ಉತ್ತರ ಬಂದಿತು, ಗಿರಣಿಯಲ್ಲಿ ಸಂಬಳ ಹೆಚ್ಚಾಗಿದೆಯೆಂದು. ಅಕ್ಷರ ದುಂಡಗಿದ್ದಿತು, ಒಂದು ಕಾಗುಣಿತವೂ ತಪ್ಪಿರಲಿಲ್ಲ.

ಆ ವಾರ ಚಾಪೆಯೂ ದಿಂಬೂ ಒಳಗೆ ಹೋದುವು. ಕಾವ್ಯದ ಕೆಲಸ ನಿಲ್ಲಲಿಲ್ಲ, ರೀತಿ ಬದಲಾಯಿತು. ಪ್ರತಿಗಳನ್ನು ತಾಳೆ ನೋಡುವಾಗ ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಬೆರಳಿಟ್ಟು ನೋಡುತ್ತ ಹೋದರೆ ತಪ್ಪು ತಪ್ಪಿಸಿಕೊಳ್ಳುವುದಿಲ್ಲವೆಂಬುದು ಹಳೆಯ ವಿದ್ವಾಂಸರ ಕ್ರಮ. ಅವಳು ಎಸ್.ಎಸ್.ಎಲ್.ಸಿ.ವರೆಗೆ ಓದಿದವಳು, ಚಿಕ್ಕಂದಿನಲ್ಲಿ ಅಜ್ಜನ ಬಳಿ ಜೈಮಿನಿ ಭಾರತವನ್ನು ಹಾಡಿ ಅಭ್ಯಾಸವಿತ್ತು. ಸಾಂಗತ್ಯವನ್ನು ಓದುವುದಿಲ್ಲ, ಹಾಡುತ್ತಾಳೆ. ಹಾಡಿದಾಗ ಗಣ ತಪ್ಪಿದ ಕಡೆ ನಾಲಿಗೆ ತಾನೇ ಎಡವಿ ನಿಲ್ಲುತ್ತಿತ್ತು. ಎಷ್ಟೋ ಪಾಠದೋಷಗಳು ಹಾಗೆ ಸಿಕ್ಕಿದುವು. ಊಟವಾದ ಮೇಲೆ ಒಂದು ಗಂಟೆ ಮಾತ್ರ; ನಾನು ಇನ್ನೂ ಎಂದರೆ ಪುಸ್ತಕವನ್ನು ಮುಚ್ಚಿಬಿಡುತ್ತಿದ್ದಳು. ಪುಸ್ತಕ 1986ರಲ್ಲಿ ಅಚ್ಚಾಯಿತು. ಈಗ ಅದನ್ನು ತೆರೆದು ನೋಡಿದರೆ ಮೊದಲ ನಾಲ್ಕು ಸಂಧಿಗಳ ಪಾಠಾಂತರ ಸೂಚಿಯಲ್ಲಿ ನಾಚುವಷ್ಟು ತಪ್ಪುಗಳಿವೆ. ಐದನೆಯದರಿಂದ ಮುಂದಕ್ಕೆ ವಿರಳ. ನಾಲ್ಕನೆಯ ಸಂಧಿ ಆ ನವೆಂಬರಿಗೆ ಮುಗಿದಿದ್ದಿತು.

ಮರುಮುದ್ರಣಕ್ಕೆ ಈ ವರ್ಷ ಪ್ರಕಾಶಕರೊಬ್ಬರು ಮುಂದೆ ಬಂದಿದ್ದಾರೆ. ಹಳೆಯ ಪ್ರತಿಯೊಂದನ್ನು ಅವಳಿಗೆ ಕೊಟ್ಟು, ತಪ್ಪುಗಳಿದ್ದರೆ ಗುರುತಿಸೆಂದೆ. ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವಳ ದೃಷ್ಟಿ ನನ್ನದಕ್ಕಿಂತ ಚುರುಕಾಗಿದೆ. ನಿನ್ನೆ ಪ್ರತಿಯನ್ನು ಹಿಂದಿರುಗಿಸಿದಳು. ಮೊದಲ ಗುರುತು ಕಾವ್ಯದಲ್ಲಿಲ್ಲ, ನನ್ನ ಮುನ್ನುಡಿಯಲ್ಲಿ. ಹಿರಿಯ ವಿದ್ವಾಂಸರು, ಗ್ರಂಥಭಂಡಾರದವರು, ಮುದ್ರಕರು ಎಲ್ಲರಿಗೂ ವಿವರವಾಗಿ ವಂದಿಸಿ, ಕೊನೆಯ ಸಾಲಿನಲ್ಲಿ ‘ಸಹಕರಿಸಿದ ನನ್ನ ಧರ್ಮಪತ್ನಿಗೆ’ ಎಂದು ಬರೆದಿದ್ದೇನೆ, ಹೆಸರಿಲ್ಲ. ಆ ‘ಸಹಕರಿಸಿದ’ ಎಂಬುದರ ಕೆಳಗೆ ಸೀಸದಕಡ್ಡಿಯಿಂದ ಗೆರೆ ಎಳೆದು, ಪಕ್ಕದಲ್ಲಿ ತನ್ನ ದುಂಡನೆಯ ಅಕ್ಷರದಲ್ಲಿ ಬರೆದಿದ್ದಾಳೆ: ‘ಹೇಗೆ? ವಿವರಿಸಿರಿ. 5 ಅಂಕಗಳು.’

ಬೆಳಗಿನಿಂದ ಉತ್ತರವನ್ನು ಬರೆಯುತ್ತ ಕುಳಿತಿದ್ದೇನೆ. ಎರಡು ಪುಟವಾಗಿದೆ. ಇನ್ನೂ ಐದನೆಯ ಸಂಧಿಗೆ ಬಂದಿಲ್ಲ.